ಹಲ್ಲು ಹೇಳಿದ ವಯಸ್ಸು

ಸ್ಮರಣ ಸಂಚಿಕೆಯ ಸಂಪಾದಕರ ಫೋನ್ ಬಂತೆಂದರೆ ವಿಷಯ ನನಗೆ ಮೊದಲೇ ಗೊತ್ತಿರುತ್ತದೆ. "ಡಾಕ್ಟ್ರೇ, ಈ ಸಲವೂ ನಿಮ್ಮದೊಂದು ಲೇಖನ ಬೇಕು. ಸಕ್ಕರೆ ಕಾಯಿಲೆ ಆದರೂ ನಡೆದೀತು, ಕೊಲೆಸ್ಟ್ರಾಲ್ ಆದರೂ ನಡೆದೀತು." ಹಿಂದಿನ ಸಂಚಿಕೆಗಳಲ್ಲಿ ಎರಡನ್ನೂ ಮುಗಿಸಿ, ವಿಟಮಿನ್ ಡಿ ಕೊರತೆಯ ಬಗ್ಗೆಯೂ ಬರೆದು, ಓದುಗರಿಗಿಂತ ಹೆಚ್ಚಾಗಿ ನನಗೇ ಬೇಸರ ಬಂದುಹೋಗಿದೆ. ಅದಕ್ಕೇ ಈ ಸಲ ಕಲ್ಲಿನ ಬಗ್ಗೆ ಬರೆಯುತ್ತೇನೆ ಎಂದೆ. "ಕಿಡ್ನಿ ಸ್ಟೋನಾ? ಭಾಳ ಒಳ್ಳೇದು, ಈ ಸೆಕೆಯ ಊರಲ್ಲಿ ಎಲ್ಲರಿಗೂ ಬೇಕಾದ ವಿಷಯ" ಎಂದರು. ಅಲ್ಲ ಸ್ವಾಮಿ, ಬೆಟ್ಟದ ಕಲ್ಲು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಕಲ್ಲಿನ ವಯಸ್ಸಿಗೆ ಬರುವ ಮೊದಲು ನನ್ನ ವಯಸ್ಸಿನ ಕಥೆ ಹೇಳಬೇಕು. ಪಾಸ್‌ಪೋರ್ಟಿನ ಪ್ರಕಾರ ನಾನು ಹುಟ್ಟಿದ್ದು 01-06-1971ರಂದು. ನಮ್ಮ ತಲೆಮಾರಿನ ಹಳ್ಳಿ ಹುಡುಗರಲ್ಲಿ ಜೂನ್ ಒಂದರಂದು ಹುಟ್ಟಿದವರು ಎಷ್ಟು ಜನ ಎಂಬುದು ಓದುಗ ಮಿತ್ರರಿಗೆ ಗೊತ್ತೇ ಇದೆ. ಆ ದಿನ ನಮ್ಮ ಹೈಸ್ಕೂಲ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಯಾರು ಯಾರಿಗೆ ಶುಭಾಶಯ ಹೇಳಬೇಕೆಂದೇ ತಿಳಿಯುವುದಿಲ್ಲ. ನಮ್ಮೂರು ಚಿತ್ತಾಪುರ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ಹತ್ತಿರ. ಅಣ್ಣನನ್ನು ಶಾಲೆಗೆ ಸೇರಿಸಲು ಅಪ್ಪ ಹೋದಾಗ ನಾನೂ ಬೆನ್ನು ಹತ್ತಿದೆ. ನನ್ನ ಕಣ್ಣಿದ್ದದ್ದು ಶಾಲೆಯ ಹಳದಿ ಉಪ್ಪಿಟ್ಟಿನ ಮೇಲೆ. "ಇವನೂ ಕೂಡ್ಲಿ ಬಿಡ್ರಿ" ಎಂದು ಹೆಡ್‌ಮಾಸ್ತರರು ನನ್ನ ಹೆಸರನ್ನೂ ಬರೆದುಕೊಂಡರು. ಆರು ವರ್ಷ ತುಂಬಿರಬೇಕಲ್ಲ, ತುಂಬಿಸಿದರು! ಆ ಉಪ್ಪಿಟ್ಟಿನ ಬೆಲೆಯನ್ನು ನಾನು ಅರವತ್ತಕ್ಕೆ ನಿವೃತ್ತನಾಗುವ ಹೊತ್ತಿಗೆ ಕಟ್ಟಲಿದ್ದೇನೆ.

ಅವ್ವನನ್ನು ಕೇಳಿದರೆ ಬೇರೆಯೇ ಲೆಕ್ಕ. "ನೀ ಬರಗಾಲದಾಗ ಹುಟ್ಟೀದಿ ತಮ್ಮಾ. ಹೊಟ್ಟಿಲಿದ್ರೂ ಖಡಿ ಒಡ್ಯಾಕ ಹೋಗ್ತಿದ್ದ ನಾ. ಕೆಂಪು ಜ್ವಾಳ ಕೊಡ್ತಿದ್ರು. ಎಳ್ಳಮಾಸಿಗಿ ಚರಗ ಚೆಲ್ಲಾಕ ಹೋಗಬೇಕಂದ್ರ ಹೊಲದಾಗ ಬೆಳಿನೇ ಇದ್ದಿಲ್ಲ. ಅದಾಗಿ ಎಂಟ ದಿನಕ್ಕ ನೀ ಹುಟ್ಟೀದಿ." ತಾರೀಖು ಇಲ್ಲ, ಇಸವಿ ಇಲ್ಲ. ಬರಗಾಲ, ಖಡಿ, ಕೆಂಪು ಜೋಳ, ಎಳ್ಳಮಾಸಿ, ನಾನು. ಒಂದರ ಮೇಲೊಂದು ಅಷ್ಟೇ. ಬಹಳ ವರ್ಷ ಇದನ್ನು ಅವ್ವನ ಕಥೆ ಎಂದುಕೊಂಡು ನಕ್ಕು ಸುಮ್ಮನಿದ್ದೆ.

ಇನ್ನು ಕಲ್ಲಿಗೆ ಬರೋಣ. ಕಳೆದ ಡಿಸೆಂಬರಿನಲ್ಲಿ ಮಗಳು ಕಾಲೇಜಿನ ರಜೆಗೆ ಮಸ್ಕತ್ತಿಗೆ ಬಂದಿದ್ದಳು. ನಮ್ಮ ಬಳಗದಲ್ಲಿ ಧಾರವಾಡ ಕಡೆಯ ಒಬ್ಬ ಭೂವಿಜ್ಞಾನಿ ಇದ್ದಾರೆ, ತೈಲಬಾವಿಗಳ ಕೆಲಸ. ಹೆಸರು ಹಾಕಬೇಡಿ ಎಂದು ಆಣೆ ಹಾಕಿಸಿದ್ದಾರೆ, ರಾಯರು ಎನ್ನೋಣ. ಶುಕ್ರವಾರ ಬೆಳಿಗ್ಗೆ ಅವರ ಗಾಡಿಯಲ್ಲಿ ಕುರಿಯಾತ್ ರಸ್ತೆ ಹಿಡಿದು ಸೈಹ್ ಹತಾತ್‌ಗೆ ಹೊರಟೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಜೊತೆಗಿತ್ತು. ದಾರಿಯಲ್ಲಿ ರಾಯರು ಆ ವಾದಿ, ಈ ವಾದಿ ಎನ್ನುತ್ತಿದ್ದರೆ ನನಗೆ ಹಳೆಯದು ನೆನಪಾಗಿ ನಗು. ಕಲಬುರಗಿ ಕಡೆಯವನಿಗೆ ವಾಡಿ ಎಂದರೆ ರೈಲು ಬದಲಿಸುವ ಜಂಕ್ಷನ್. ಇಲ್ಲಿಗೆ ಬಂದ ಹೊಸದರಲ್ಲಿ ಸಹೋದ್ಯೋಗಿಯೊಬ್ಬರು "ಮಳೆ ಬಂದಾಗ ವಾದಿ ದಾಟಬೇಡಿ" ಎಂದದ್ದಕ್ಕೆ, ಅಲ್ಲಿ ಮೇಲ್ಸೇತುವೆ ಇದೆಯಲ್ಲ ಎಂದಿದ್ದೆ!

ಸೈಹ್ ಹತಾತ್ ಎಂದರೆ ಮಸ್ಕತ್ತಿನ ಬೆನ್ನಿಗೇ ಇರುವ ದೊಡ್ಡ ಬಟ್ಟಲಿನಂಥ ಜಾಗ. ಸುತ್ತಲೂ ಬೋಳು ಬೆಟ್ಟ. ನಾವು ಇಪ್ಪತ್ತು ವರ್ಷದಿಂದ ಅದರ ನಡುವೆ ಹಾದು ಪಿಕ್ನಿಕ್‌ಗೆ ಹೋಗಿದ್ದೇವೆ, ಒಂದು ದಿನವೂ ಗಾಡಿ ನಿಲ್ಲಿಸಿ ಕಲ್ಲು ನೋಡಿದವರಲ್ಲ. ರಾಯರು ಒಂದು ಕಡೆ ನಿಲ್ಲಿಸಿ, ಅರ್ಧ ಗಂಟೆ ಹತ್ತಿಸಿ, ಬಂಡೆಯ ಮುಂದೆ ನಿಲ್ಲಿಸಿದರು. ಕೆಳಗೆ ಕಂದು ಬಣ್ಣದ ಗಟ್ಟಿ ಕಲ್ಲು, ಒಂದಾನೊಂದು ಕಾಲದ ಕಡಲತೀರದ ಮರಳು ಬೆಂದು ಆದದ್ದು. ಇದಕ್ಕೆ ಅಮ್ದೆ ಶಿಲಾಸ್ತರ ಎಂದು ಹೆಸರು, ಮೂರು ಕಿಲೋಮೀಟರಿಗೂ ಹೆಚ್ಚು ದಪ್ಪವಂತೆ. ಅದರ ಮೇಲೆ ಬೂದು ಬಣ್ಣದ ಸುಣ್ಣಕಲ್ಲಿನ ಜಾತಿಯದು. ಅದು ಸೈಕ್ ಶಿಲಾಸ್ತರ. ಜಬಲ್ ಅಖ್ದರ್‌ಗೆ ದಾಳಿಂಬೆ, ಗುಲಾಬಿ ನೋಡಲು ಹೋಗುತ್ತೇವಲ್ಲ, ಅಲ್ಲಿನ ಸೈಕ್‌ನದೇ ಹೆಸರು.

"ಡಾಕ್ಟರ್ ಸಾಹೇಬ್ರ, ಹೆಬ್ಬೆರಳು ಕೆಳಗಿನ ಕಲ್ಲಿನ ಮ್ಯಾಲ ಇಡ್ರಿ, ಕಿರುಬೆರಳು ಮ್ಯಾಲಿನದರ ಮ್ಯಾಲ" ಎಂದರು. ಇಟ್ಟೆ. "ಕೆಳಗಿಂದು ಸುಮಾರು 46 ಕೋಟಿ ವರ್ಷದ್ದು. ಮ್ಯಾಲಿಂದು 26 ಕೋಟಿ ಚಿಲ್ಲರೆ. ನಿಮ್ಮ ಒಂದು ಗೇಣಿನಾಗ 20 ಕೋಟಿ ವರ್ಷ ಹೋಗ್ಯಾವ."

ಹೋಗ್ಯಾವ ಎಂದರೆ ಏನು? ಆ 20 ಕೋಟಿ ವರ್ಷಕ್ಕೆ ಸಾಕ್ಷಿ ಹೇಳುವ ಒಂದೇ ಒಂದು ಪದರ ಅಲ್ಲಿಲ್ಲ. ಪುಸ್ತಕದ ಮೂವತ್ತನೆಯ ಪುಟದಿಂದ ನೇರ ಇನ್ನೂರನೆಯದಕ್ಕೆ. ಆ ನಡುವೆ ಡಿವೋನಿಯನ್ ಯುಗ ಪೂರ್ತಿ ಬಂದು ಹೋಗಿದೆ. 41.9 ಕೋಟಿ ವರ್ಷದ ಹಿಂದಿನಿಂದ 35.9 ಕೋಟಿ ವರ್ಷದ ಹಿಂದಿನವರೆಗಿನ ಕಾಲ ಅದು. ಭೂವಿಜ್ಞಾನಿಗಳು ಅದನ್ನು ಮೀನುಗಳ ಯುಗ ಎನ್ನುತ್ತಾರೆ. ದವಡೆಯಿರುವ ಮೀನುಗಳು ಕಡಲನ್ನು ಆಳಿದ್ದು, ನೆಲದ ಮೇಲೆ ಮೊದಲ ಕಾಡು ಬೆಳೆದದ್ದು, ಮೀನಿನ ಈಜುರೆಕ್ಕೆ ಕೈಕಾಲಾಗಲು ಹೊರಟದ್ದು ಎಲ್ಲವೂ ಆಗಲೇ. ನಾವು ಅನಾಟಮಿಯಲ್ಲಿ ಕಂಠಪಾಠ ಮಾಡಿದ ದವಡೆ, ತೋಳಿನೆಲುಬು ಎಲ್ಲದರ ಕರಡು ಪ್ರತಿ ತಯಾರಾದ ಕಾಲ. ಅದು ನನ್ನ ಗೇಣಿನೊಳಗೆ ಇಲ್ಲವಾಗಿತ್ತು. ಅಲ್ಲಿ ಡಿವೋನಿಯನ್ ಕಾಲದ ಕೆಸರು ಕೂತು ಆಮೇಲೆ ಸವೆದು ಹೋಯಿತೋ, ಅಥವಾ ನೆಲ ಕಡಲಿನಿಂದ ಮೇಲೆದ್ದು ಕೂರಲೇ ಇಲ್ಲವೋ, ಆ ಗೆರೆಯೊಂದನ್ನೇ ನೋಡಿ ಹೇಳಲಾಗದು. ಸವೆತಕ್ಕಂತೂ ಕಾರಣಗಳಿದ್ದವು. ಸುಮಾರು 30 ಕೋಟಿ ವರ್ಷದ ಹಿಂದೆ ಈ ಒಮಾನ್ ಹಿಮದಡಿ ಇತ್ತು ಎಂದರೆ ಜೂನ್ ತಿಂಗಳಲ್ಲಿ ಯಾರೂ ನಂಬಲಾರರು. ಆದರೆ ಹುಖ್ಫ್ ಪ್ರದೇಶದ ಅಲ್ ಖ್ಲಾತಾದಲ್ಲಿ ಹಿಮನದಿ ಕಲ್ಲನ್ನು ಗೀರಿದ ಗೆರೆಗಳು ಇವತ್ತಿಗೂ ಇವೆ. ನಮ್ಮ ಒಡಿಶಾದ ತಾಲ್ಚೇರಿನ ಉಂಡೆಗಲ್ಲಿನ ಪದರಗಳೂ ಅದೇ ದೊಡ್ಡ ಹಿಮಯುಗದವು. ಆಗ ಅರೇಬಿಯಾ, ಇಂಡಿಯಾ ಎರಡೂ ಗೊಂಡ್ವಾನಾ ಎಂಬ ಒಂದೇ ಖಂಡದ ಮಕ್ಕಳು. ವೀಸಾ ಬೇಡದ ಕಾಲ!

ನನಗೆ ಹತ್ತಿದ ಪ್ರಶ್ನೆ ಬೇರೆ. ಕಲ್ಲಿನ ಮೇಲೆ ಇಸವಿ ಬರೆದಿಲ್ಲ. ಕೆಳಗಿನದು 46 ಕೋಟಿ ಎಂದು ಇಷ್ಟು ಧೈರ್ಯವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಿದೆ. ರಾಯರು ರೊಟ್ಟಿ ಮುರಿಯುತ್ತ, "ಜನ್ಮಪತ್ರ ಇಲ್ಲದ ಹುಡುಗನ್ನ ಪೊಲೀಸರು ಕರಕೊಂಡು ಬಂದ್ರ ನೀವು ಏನ್ ಮಾಡ್ತೀರಿ?" ಎಂದು ತಿರುಗಿ ಕೇಳಿದರು.

ಒಳ್ಳೆಯ ಪ್ರಶ್ನೆ. ಎಂಬಿಬಿಎಸ್ ಮುಗಿಸಿ ತಾಲ್ಲೂಕು ಆಸ್ಪತ್ರೆಯೊಂದರಲ್ಲಿದ್ದಾಗ ಅಂಥದ್ದು ಬಂದಿತ್ತು. ಹುಡುಗನ ಬಾಯಿ ತೆರೆಸಿ ಹಲ್ಲು ಎಣಿಸಿದೆ. ಎರಡನೆಯ ದವಡೆ ಹಲ್ಲು ಪೂರ್ತಿ ಬಂದಿತ್ತು, ಬುದ್ಧಿಹಲ್ಲಿನ ಸುಳಿವಿರಲಿಲ್ಲ. ಮಣಿಕಟ್ಟು, ಮೊಣಕೈ ಎಕ್ಸ್‌ರೇ ತೆಗೆಸಿದೆ. ಹದಿನಾಲ್ಕಕ್ಕಿಂತ ಹೆಚ್ಚು, ಹದಿನೇಳಕ್ಕಿಂತ ಕಡಿಮೆ ಎಂದು ಬರೆದುಕೊಟ್ಟೆ. ಪೇದೆಗೆ ಸಮಾಧಾನವಿಲ್ಲ. "ಸಾಹೇಬ್ರ, ಒಂದು ತಾರೀಖ ಹಾಕ್ರಿ." ಹಲ್ಲು ತಾರೀಖು ಹೇಳುವುದಿಲ್ಲ ಮಾರಾಯಾ, ಇದಕ್ಕಿಂತ ಈಚೆ, ಅದಕ್ಕಿಂತ ಆಚೆ ಎಂದಷ್ಟೇ ಹೇಳುತ್ತದೆ ಎಂದು ತಿಳಿಸುವಷ್ಟರಲ್ಲಿ ಸಾಕಾಯಿತು.

"ಅದನ್ನೇ ನಾವೂ ಮಾಡೋದು" ಎಂದರು ರಾಯರು. "ಹಲ್ಲು, ಎಲುಬು, ಚರ್ಮ. ಆದ್ರ ಮೀನಿಂದು."

ಆಗ ಹೇಳಿದ ಸಂಗತಿ ಕೇಳಿ ಮಗಳು ರೊಟ್ಟಿ ಬಿಟ್ಟು ಎದ್ದು ನಿಂತಳು. ನಾವು ಕೂತಿದ್ದ ಇದೇ ಅಮ್ದೆ ಕಲ್ಲಿನಲ್ಲಿ ಮೀನಿನ ಕವಚದ ಚೂರುಗಳು ಸಿಕ್ಕಿವೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಐವನ್ ಸ್ಯಾನ್ಸಮ್ ಮತ್ತು ಸಂಗಡಿಗರು 2009ರಲ್ಲಿ ಅದನ್ನು ಪ್ರಕಟಿಸಿದರು. ಅರೇಬಿಯಾದ ಅತಿ ಹಳೆಯ ಮೀನುಗಳಲ್ಲಿ ಒಂದು. ಜಗತ್ತಿನಲ್ಲೇ ಇದಕ್ಕಿಂತ ಬಹಳ ಹಳೆಯ ಎಲುಬಿನ ಮೀನುಗಳು ಹೆಚ್ಚಿಲ್ಲ. ಹೆಸರು ಸಕಾಬಾಂಬಾಸ್ಪಿಸ್. ಮೊದಲು ಸಿಕ್ಕಿದ್ದು ದಕ್ಷಿಣ ಅಮೆರಿಕದ ಬೊಲಿವಿಯಾದ ಸಕಾಬಾಂಬಾ ಎಂಬ ಹಳ್ಳಿಯಲ್ಲಿ, ಆ ಹೆಸರಿಟ್ಟದ್ದು 1986ರಲ್ಲಿ. "ಪಪ್ಪಾ, ಇದು ಆ ಮೀಮ್ ಮೀನು!" ಎಂದು ಮಗಳು ಫೋನ್ ತೆಗೆದು ತೋರಿಸಿದಳು. ಹೆಲ್ಸಿಂಕಿಯ ಮ್ಯೂಸಿಯಂನಲ್ಲಿರುವ ಅದರ ಪ್ರತಿಕೃತಿಯ ಫೋಟೋ 2022ರಲ್ಲಿ ಮಕ್ಕಳ ಫೋನುಗಳಲ್ಲೆಲ್ಲ ಹರಿದಾಡಿತಂತೆ. ಮುಖದ ಮುಂಭಾಗದಲ್ಲೇ ಎರಡು ಪಿಳಿಪಿಳಿ ಕಣ್ಣು, ಕೆಳಗೊಂದು ಪೆದ್ದು ಬಾಯಿ. ದವಡೆಯೇ ಇಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದ ಪಪ್ಪನ ಮುಖ ಎಂದಳು. ಇಷ್ಟು ದೂರದಿಂದ ಲೋಕವೆಲ್ಲ ನಕ್ಕ ಮೀನು ನಮ್ಮ ಮನೆಯ ಹಿಂದಿನ ಬೆಟ್ಟದ್ದು ಎಂದು ಗೊತ್ತಾದಾಗ ಅವಳಿಗೆ ಆದ ಸಂತೋಷ, ನನಗೆ ಎಂಡಿ ಫಲಿತಾಂಶ ಬಂದ ದಿನವೂ ಆಗಿರಲಿಲ್ಲ.

ಮುಂದಿನ ವಾರ ಗುರುವಾರ ಸಂಜೆ ರಾಯರು ನಮ್ಮ ಮನೆಗೆ ಬಂದರು. ಕೈಯಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದದ ರಟ್ಟಿನ ಸ್ಲೈಡು. ಯುರೋಪಿನಲ್ಲಿ ಓದುತ್ತಿದ್ದಾಗ ಬೆಲ್ಜಿಯಂನ ಡಿವೋನಿಯನ್ ಸುಣ್ಣಕಲ್ಲಿನಿಂದ ತಾವೇ ತೆಗೆದದ್ದು. ಬರಿಗಣ್ಣಿಗೆ ಕಪ್ಪು ರಟ್ಟಿನ ಮೇಲೆ ನಾಲ್ಕು ಧೂಳಿನ ಕಣ. ಮನೆಯಲ್ಲಿದ್ದ ನನ್ನ ಹಳೆಯ ಮೈಕ್ರೋಸ್ಕೋಪಿನಲ್ಲಿ ಕೆಳಗಿನಿಂದ ಬೆಳಕು ಬಿಟ್ಟರೆ ಕಾಣುವುದಿಲ್ಲ. ಮಗಳು ಪಕ್ಕದಿಂದ ಫೋನಿನ ಟಾರ್ಚ್ ಹಿಡಿದಳು. ಕಡಿಮೆ ಪವರಿನಲ್ಲಿ ಫೋಕಸ್ ಸಿಕ್ಕ ಕೂಡಲೇ ನನ್ನ ಉಸಿರು ನಿಂತಿತು. ಒಂದು ಎಲೆಯ ಹಾಗೆ, ನಡುವೆ ಸಾಲಾಗಿ ಮಣಿ ಪೋಣಿಸಿದ ಏಣು, ಜೇನಿನ ಬಣ್ಣ. ಮೂವತ್ತು ವರ್ಷದಿಂದ ದಿನಕ್ಕೆ ಎಂಟು ತಾಸು ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಕೂತವನು ನಾನು, ಕಂಡದ್ದರಲ್ಲಿ ಮುಕ್ಕಾಲು ಪಾಲು ಕೆಟ್ಟ ಸುದ್ದಿ. ಯಾರಿಗೂ ಕೆಟ್ಟ ಸುದ್ದಿಯಲ್ಲದ ಚೆಲುವನ್ನು ಅಲ್ಲಿ ನೋಡಿದ್ದು ಅದೇ ಮೊದಲು.

ಇದಕ್ಕೆ ಕೊನೊಡಾಂಟ್ ಎಂದು ಹೆಸರು. ಕಡಲಿನಲ್ಲಿದ್ದ ಹಾವುಮೀನಿನಂಥ ಸಣ್ಣ ಜೀವಿಯ ಬಾಯಿಯ ಹಲ್ಲು. ಇದನ್ನು ಮೊದಲು ಕಂಡವನ ಹೆಸರು ರಾಯರು ಹೇಳಿದಾಗ ನಾನು ಕುರ್ಚಿಯಿಂದ ಎದ್ದೆ. ಕ್ರಿಶ್ಚಿಯನ್ ಪಾಂಡರ್! ಎಂಬಿಬಿಎಸ್ ಮೊದಲ ವರ್ಷದ ಭ್ರೂಣಶಾಸ್ತ್ರ ಓದಿದ ಡಾಕ್ಟರ್ ಮಿತ್ರರು ನೆನಪಿಸಿಕೊಳ್ಳಿ. 1817ರಲ್ಲಿ ಕೋಳಿಮೊಟ್ಟೆಗಳನ್ನು ಒಂದೊಂದಾಗಿ ತೆರೆದು ನೋಡಿ, ಭ್ರೂಣ ಮೂರು ಪದರಗಳಿಂದ ಬೆಳೆಯುತ್ತದೆ ಎಂದು ತೋರಿಸಿದ ಪುಣ್ಯಾತ್ಮ. ಆ ಮೂರು ಪದರಕ್ಕೆ ನಾನು ವೈವಾದಲ್ಲಿ ಬೆವರಿದ್ದೇನೆ. ರೀಗಾದಲ್ಲಿ ಹುಟ್ಟಿ ವೈದ್ಯ ಓದಿದ ಅದೇ ಮನುಷ್ಯ ಮುಂದೆ ಬಾಲ್ಟಿಕ್ ತೀರದ ಕಲ್ಲುಗಳನ್ನು ಹಿಡಿದು ಕೂತು, 1856ರಲ್ಲಿ ಈ ಹಲ್ಲುಗಳನ್ನು ವರ್ಣಿಸಿದ. ಮೊಟ್ಟೆಯಲ್ಲೂ ಪದರ, ಬೆಟ್ಟದಲ್ಲೂ ಪದರ. ಈ ಹಲ್ಲು ಯಾವ ಪ್ರಾಣಿಯದು ಎಂಬುದು ಮಾತ್ರ ನೂರಿಪ್ಪತ್ತೇಳು ವರ್ಷ ಒಗಟಾಗಿತ್ತು. 1983ರಲ್ಲಿ ಎಡಿನ್‌ಬರೋ ಸಮೀಪದ ಗ್ರ್ಯಾಂಟನ್‌ನ ಕಲ್ಲಿನಲ್ಲಿ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದದ ಪೂರ್ತಿ ಮೈಯ ಅಚ್ಚು ಪ್ರಕಟವಾಯಿತು. ತಲೆಯ ಜಾಗದಲ್ಲಿ ಹಲ್ಲುಗಳು ಇದ್ದಲ್ಲೇ ಇದ್ದವು.

ಹಲ್ಲನ್ನು ಕಲ್ಲಿನಿಂದ ಬಿಡಿಸುವ ಕ್ರಮ ನನಗೆ ಇನ್ನೂ ಮೋಜೆನಿಸಿತು. ನಮ್ಮ ಲ್ಯಾಬಿಗೆ ಎಲುಬಿನ ಚೂರು ಬಂದರೆ ಆಸಿಡ್ಡಿನಲ್ಲಿ ನೆನೆಹಾಕಿ, ಗಟ್ಟಿಯಾದದ್ದನ್ನು ಕರಗಿಸಿ, ಮೆತ್ತಗಿನದನ್ನು ಉಳಿಸಿಕೊಳ್ಳುತ್ತೇವೆ. ಅವರದ್ದು ತಿರುಗುಮುರುಗು. ಕೆಲವು ಕಿಲೋ ಸುಣ್ಣಕಲ್ಲನ್ನು ಚೂರು ಮಾಡಿ ತೆಳು ಅಸಿಟಿಕ್ ಆಸಿಡ್ಡಿನಲ್ಲಿ, ಅಂದರೆ ಅಡಿಗೆ ಮನೆಯ ವಿನೆಗರ್‌ನ ಅಣ್ಣನಲ್ಲಿ, ದಿನಗಟ್ಟಲೆ ಇಡುತ್ತಾರೆ. ಸುಣ್ಣ ಕರಗಿ ಹೋಗುತ್ತದೆ. ಹಲ್ಲು ಕ್ಯಾಲ್ಸಿಯಂ ಫಾಸ್ಫೇಟು, ನಮ್ಮ ನಿಮ್ಮ ಹಲ್ಲಿನ ಹಾಗೆಯೇ. ಅದು ಕರಗದೆ ತಳದಲ್ಲಿ ಉಳಿಯುತ್ತದೆ. ಜರಡಿ ಹಿಡಿದು, ಒಣಗಿಸಿ, ನಾಲ್ಕು ಕೂದಲಿನ ಬ್ರಶ್ಶನ್ನು ಒದ್ದೆ ಮಾಡಿ ಒಂದೊಂದೇ ಎತ್ತಬೇಕು. ಸೂಲಗಿತ್ತಿಯ ತಾಳ್ಮೆ ಬೇಕು.

ಅದರಿಂದ ವಯಸ್ಸು ಹೇಗೆ? ಒಂದು ಜಾತಿಯ ಜೀವಿ ಲೋಕದಲ್ಲಿ ಒಂದೇ ಸಲ ಹುಟ್ಟುತ್ತದೆ, ಅಳಿದರೆ ಮತ್ತೆ ಬರುವುದಿಲ್ಲ. ಕೊನೊಡಾಂಟ್‌ಗಳು ಸುಮಾರು 30 ಕೋಟಿ ವರ್ಷ ಕಡಲುಗಳಲ್ಲೆಲ್ಲ ಇದ್ದವು, ಬೇಗ ಬೇಗ ರೂಪ ಬದಲಿಸಿದವು. ಈ ಆಕಾರದ ಹಲ್ಲು ಕೆಳಗಿನ ಪದರದಲ್ಲಿ, ಅದು ಮುಗಿದ ಮೇಲೆ ಆ ಆಕಾರದ್ದು. ಬೆಲ್ಜಿಯಂನಲ್ಲೂ ಅದೇ ಸರದಿ, ಆಸ್ಟ್ರೇಲಿಯಾದಲ್ಲೂ ಅದೇ ಸರದಿ. ಡಿವೋನಿಯನ್ನಿನ ಆರಂಭದ ಗಡಿಯನ್ನು 1972ರಲ್ಲಿ ಈಗಿನ ಚೆಕ್ ದೇಶದ ಕ್ಲೊಂಕ್ ಎಂಬಲ್ಲಿ ಬೇರೊಂದು ಜೀವಿಯ ಆಧಾರದ ಮೇಲೆ ಗುರುತಿಸಿದರು. ಅದರ ಒಳಗಿನ ಉಳಿದ ಭಾಗಗಳ ಗಡಿಗಳನ್ನೆಲ್ಲ ನಿಗದಿ ಮಾಡಿದ್ದು ಈ ಹಲ್ಲುಗಳೇ. ಒಂದೇ ಹಿಡಿ ಕಲ್ಲಿನಲ್ಲಿ ಎರಡು ಜಾತಿ ಒಟ್ಟಿಗೆ ಸಿಕ್ಕರೆ ಇನ್ನೂ ಅನುಕೂಲ. ಎರಡೂ ಬದುಕಿದ್ದ ಕಾಲವಷ್ಟೇ ಆ ಕಲ್ಲಿನ ಕಾಲ.

ಆದರೆ ಕೊನೊಡಾಂಟ್ ಕಡಲಿನ ಜೀವಿ. ಡಿವೋನಿಯನ್ನಿನ ನದಿಮುಖ, ಕೆರೆ, ಕೆಂಪು ಮರಳುಕಲ್ಲುಗಳಲ್ಲಿ ಅದು ಸಿಗುವುದಿಲ್ಲ. ಅಲ್ಲಿ ಮೀನಿನ ಹುರುಪೆ ಬೇಕು. ಮತ್ರಾ ಮೀನು ಮಾರುಕಟ್ಟೆಯಲ್ಲಿ ಶಾರ್ಕಿನ ಚರ್ಮವನ್ನು ಬಾಲದಿಂದ ತಲೆಯ ಕಡೆಗೆ ಸವರಿ ನೋಡಿ (ತಿನ್ನದವರೂ ಸವರಬಹುದು), ಉಪ್ಪುಕಾಗದದ ಹಾಗಿರುತ್ತದೆ. ಅಷ್ಟೂ ಸಣ್ಣ ಸಣ್ಣ ಹಲ್ಲುಗಳೇ, ಒಳಗೆ ತಿರುಳಿನ ಗೂಡು, ಸುತ್ತ ದಂತದ್ರವ್ಯ. ಥೀಲೊಡಾಂಟ್ ಎಂಬ ದವಡೆಯಿಲ್ಲದ ಹಳೆಯ ಮೀನುಗಳಿಗೂ ಮೈತುಂಬ ಇಂಥವೇ. ಮೀನು ಸತ್ತರೆ ಸಾವಿರಾರು ಹುರುಪೆ ಉದುರಿ ಮರಳಿಗೆ ಸೇರುತ್ತವೆ, ಜಾತಿಗೊಂದು ಆಕಾರ. ನದಿಮುಖದಲ್ಲಿ ಮೀನಿನ ಹುರುಪೆ, ಕಡಲಿನಲ್ಲಿ ಕೊನೊಡಾಂಟ್. ಎಲ್ಲೋ ಒಂದು ಪದರದಲ್ಲಿ ಎರಡೂ ಒಟ್ಟಿಗೆ ಸಿಕ್ಕರೆ ಎರಡು ಪಂಚಾಂಗಗಳು ತಾಳೆಯಾದ ಹಾಗೆ.

ನಮ್ಮ ನೆರೆಹೊರೆಯಲ್ಲೇ ಇದಕ್ಕೆ ಉದಾಹರಣೆಗಳಿವೆ. ಕಡಲಿನಾಚೆ ಇರಾನಿನ ಕೆರ್ಮಾನ್ ಬಳಿ ಹುತ್ಕ್ ಎಂಬಲ್ಲಿ ಸಿಕ್ಕ ಡಿವೋನಿಯನ್ ಥೀಲೊಡಾಂಟ್‌ಗೆ 1978ರಲ್ಲಿ ಆ ಊರಿನ ಹೆಸರನ್ನೇ ಇಟ್ಟರು, ಟುರಿನಿಯಾ ಹುತ್ಕೆನ್ಸಿಸ್. ಸೌದಿಯ ಜೌಫ್ ಶಿಲಾಸ್ತರದ ಡಿವೋನಿಯನ್ ಮೀನುಗಳ ವರದಿ 1992ರಲ್ಲಿ ಬಂತು. ಒಮಾನಿನಲ್ಲಿಯೂ ಬೆಟ್ಟದಲ್ಲಿಲ್ಲದ ಡಿವೋನಿಯನ್ ಮರುಭೂಮಿಯ ಮರಳಿನಡಿ ಉಳಿದಿದೆ, ಮಿಸ್ಫರ್ ಎಂದು ಅದರ ಹೆಸರು. ಅದು ತಿಳಿದದ್ದು ತೈಲಬಾವಿಗಳಿಂದ. ಬಾವಿ ಕೊರೆವಾಗ ಕಲ್ಲು ಪುಡಿಯಾಗಿ ಮೇಲೆ ಬರುತ್ತದೆ. ಗೇಣುದ್ದದ ಮೀನು ಅದರಲ್ಲಿ ಉಳಿಯುವುದಿಲ್ಲ, ಕಣದಷ್ಟರದ್ದು ಉಳಿಯುತ್ತದೆ. ಹಲ್ಲು, ಹುರುಪೆ, ಗಿಡಗಳ ಬೀಜಕಣ. ಇದರ ಮೇಲೆಯೇ ಎಷ್ಟು ಆಳದಲ್ಲಿ ಯಾವ ಕಾಲದ ಕಲ್ಲಿದೆ ಎಂದು ಹೇಳುವುದು. ಕೊನೊಡಾಂಟ್ ಬಣ್ಣವೂ ಮಾತಾಡುತ್ತದೆ. ಕಲ್ಲು ಬಿಸಿಯಾದಷ್ಟೂ ಹಲ್ಲು ತಿಳಿ ಹಳದಿಯಿಂದ ಕಂದು, ಕಂದಿನಿಂದ ಕಪ್ಪಾಗುತ್ತದೆ ಎಂದು ಅನಿತಾ ಎಪ್‌ಸ್ಟೈನ್ ಮತ್ತು ಸಂಗಡಿಗರು 1977ರಲ್ಲಿ ಅಳತೆ ಸಮೇತ ತೋರಿಸಿದರು. ತಿಳಿ ಬಣ್ಣವಿದ್ದರೆ ಎಣ್ಣೆಯ ಆಸೆ ಇದೆ, ಕಪ್ಪಾದರೆ ಎಣ್ಣೆ ಸೀದುಹೋಗಿದೆ. 1967ರ ಜುಲೈಯಲ್ಲಿ ಮಿನಾ ಅಲ್ ಫಹಲ್‌ನಿಂದ ಒಮಾನಿನ ಮೊದಲ ತೈಲದ ಹಡಗು ಹೊರಟಿತಲ್ಲ, ಅದರ ಹಿಂದಿನಿಂದಲೇ ನಾವೆಲ್ಲ ಇಲ್ಲಿಗೆ ಬಂದವರು. ನನ್ನ ಸಂಬಳದಲ್ಲಿ ಈ ಧೂಳಿನ ಕಣಗಳ ಪಾಲೂ ಇದೆ ಎಂದು ಅವತ್ತು ಗೊತ್ತಾಯಿತು.

"ಒಂದು ಎಚ್ಚರ ಇರಬೇಕ್ರಿ" ಎಂದರು ರಾಯರು. "ಹಳೇ ಪದರ ಸವೆದು, ಅದರಾಗಿನ ಹಲ್ಲು ಕೊಚ್ಚಿಕೊಂಡು ಬಂದು ಹೊಸಾ ಪದರದಾಗ ಕೂಡ್ತದ. ಅದನ್ನ ನಂಬಿದ್ರ ಹೊಸಾ ಕಲ್ಲಿಗೆ ಹಳೇ ವಯಸ್ಸು ಹೇಳಿಬಿಡ್ತೀವಿ."

ಇನ್ನೊಂದು ಮಾತು. ಹಲ್ಲು ಹೇಳುವುದು ಸರದಿ ಮಾತ್ರ. ಕೋಟಿಯ ಲೆಕ್ಕ ಬರುವುದು ನಡುನಡುವೆ ಸಿಗುವ ಜ್ವಾಲಾಮುಖಿಯ ಬೂದಿಯಿಂದ. ಅದರಲ್ಲಿನ ಜಿರ್ಕಾನ್ ಹರಳಿನ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದರೆ ಅಂಕಿ ಸಿಗುತ್ತದೆ. ಇದನ್ನು ಕೇಳುತ್ತಿದ್ದಂತೆ ನನಗೆ ಅವ್ವ ನೆನಪಾದಳು. ಬರಗಾಲ, ಖಡಿ, ಕೆಂಪು ಜೋಳ, ಎಳ್ಳಮಾಸಿ, ನಾನು. ಅವಳು ಐವತ್ತು ವರ್ಷದಿಂದ ಸರದಿ ಹೇಳುತ್ತಲೇ ಇದ್ದಳು, ಅಂಕಿ ಹುಡುಕುವ ಕೆಲಸ ನನ್ನದಾಗಿತ್ತು. ಆ ರಾತ್ರಿಯೇ ಊರಿಗೆ ಅತ್ತಿಗೆ, ಅಂದರೆ ಅಪ್ಪನ ತಂಗಿಗೆ, ಫೋನ್ ಮಾಡಿದೆ. "ನನ್ನ ಲಗ್ನ ಆಗಿ ಒಂದು ವರ್ಷ ತುಂಬೂದ್ರಾಗ ನೀ ಹುಟ್ಟೀದಿ" ಎಂದಳು. ಲಗ್ನಪತ್ರಿಕೆ ಟ್ರಂಕಿನಲ್ಲಿತ್ತು, 1972ರ ಮೇ. ಬರಗಾಲ 1972-73ರದ್ದು. ಎರಡೂ ಕೂಡುವ ಎಳ್ಳಮಾಸಿ ಒಂದೇ. ಹಳೆಯ ಪಂಚಾಂಗ ತೆಗೆಸಿದರೆ ಆ ಅಮಾವಾಸ್ಯೆ 1973ರ ಜನವರಿ 4. ಎಂಟು ದಿನ ಕೂಡಿಸಿ. ಜನವರಿ 12ರಂದು ಹುಟ್ಟಿದ ಮನುಷ್ಯ ನಾನು. ಐವತ್ತು ದಾಟಿದ ಮೇಲೆ ಹುಟ್ಟುಹಬ್ಬ ಸಿಕ್ಕಿತು. ಪಾಸ್‌ಪೋರ್ಟಿನಲ್ಲಿ ಅದು ಬದಲಾಗುವುದಿಲ್ಲ ಬಿಡಿ. ನನ್ನ ಲ್ಯಾಬಿಗೆ ಬರುವ ಒಳನಾಡಿನ ಒಮಾನಿ ಹಿರಿಯರ ಫಾರ್ಮುಗಳಲ್ಲಿ ಜನವರಿ ಒಂದು ಎಂಬ ಜನ್ಮದಿನ ನೋಡಿದಾಗಲೆಲ್ಲ, ಇವರ ಮನೆಯಲ್ಲಿ ಯಾವ ಬರಗಾಲ, ಯಾವ ಮಳೆ, ಯಾವ ಮದುವೆಯ ಲೆಕ್ಕವಿದೆಯೋ ಎಂದು ಈಗ ಅನಿಸುತ್ತದೆ.

ಫೆಬ್ರವರಿಯಲ್ಲಿ ಹತ್ತು ದಿನ ರಜೆ ಹಾಕಿ ಊರಿಗೆ ಹೋದೆ. ನಮ್ಮ ಮನೆಯ ನೆಲ ಶಹಾಬಾದಿನ ಫರಸಿ. ಬೇಸಿಗೆಯಲ್ಲಿ ಅದರ ಮೇಲೆ ಬರಿಮೈಯಲ್ಲಿ ಮಲಗಿದವರಿಗೆ ಅದರ ಸುಖ ಗೊತ್ತು. ಅವ್ವ ಒಡೆದ ಖಡಿಯೂ ಅದೇ ಕಲ್ಲಿನದು. ಅದೂ ಕಡಲಿನ ಸುಣ್ಣವೇ, ಆದರೆ ಎಷ್ಟು ಆಸಿಡ್ಡಿನಲ್ಲಿ ಹಾಕಿದರೂ ಒಂದು ಹಲ್ಲು ಸಿಗುವುದಿಲ್ಲ. ಹಲ್ಲಿರುವ ಜೀವಿಗಳು ಲೋಕಕ್ಕೆ ಬರುವ ಮೊದಲಿನ ಕಡಲು ಅದು. ನಮ್ಮ ಕಡೆಯ ಸೂಕ್ಷ್ಮ ಪಳೆಯುಳಿಕೆ ಬೇಕೆಂದರೆ ಲಾವಾ ಪದರಗಳ ನಡುವೆ ಸಿಕ್ಕಿಕೊಂಡ ಹಳೆಯ ಕೆರೆಗಳ ಕೆಸರಿಗೆ ಹೋಗಬೇಕು. ಅವಿಭಜಿತ ಗುಲ್ಬರ್ಗಾ ಜಿಲ್ಲೆಯ ಅಂಥ ಕೆಸರಿನಲ್ಲಿ ಎಳ್ಳಿನಷ್ಟು ಸಣ್ಣ ಆಸ್ಟ್ರಕಾಡ್ ಚಿಪ್ಪುಗಳು ಸಿಕ್ಕಿ, ಅವು ಡೈನೋಸಾರುಗಳ ಕೊನೆಗಾಲದವು ಎಂದು ಗುರುತಾಗಿವೆ.

ಅವ್ವನಿಗೆ ಮೂರು ವರ್ಷದಿಂದ ಮರೆವು. ಆಧಾರ್ ಕಾರ್ಡಿನಲ್ಲಿ ಅವಳ ಜನ್ಮದಿನ 01-01-1950. ಸುಳ್ಳು. ರಜಾಕಾರರ ಗಲಾಟೆಯಲ್ಲಿ, 1948ರಲ್ಲಿ, ಊರು ಬಿಟ್ಟು ಭೀಮಾ ದಾಟಿ ವಿಜಾಪುರದ ಕಡೆಗೆ ಹೋಗುವಾಗ ಅಣ್ಣನ ಹೆಗಲ ಮೇಲೆ ಕೂತಿದ್ದು ಅವಳಿಗೆ ನೆನಪಿತ್ತು. ಹೆಗಲ ಮೇಲೆ ಕೂರುವಷ್ಟು ಸಣ್ಣವಳು, ನೆನಪಿಡುವಷ್ಟು ದೊಡ್ಡವಳು. ಹಲ್ಲು ಎಣಿಸುವವನಿಗೆ ಅಷ್ಟು ಸಾಕು: ಮೂರಕ್ಕಿಂತ ಹೆಚ್ಚು, ಆರಕ್ಕಿಂತ ಕಡಿಮೆ. ಮರೆವಿನ ಕಾಯಿಲೆ ಮೇಲಿನಿಂದ ಸವೆಸುತ್ತ ಬರುತ್ತದೆ. ಮೊದಲು ಮೊಮ್ಮಕ್ಕಳ ಹೆಸರು ಹೋಯಿತು, ಆಮೇಲೆ ಮಸ್ಕತ್ತು, ಆಮೇಲೆ ಅಪ್ಪ ತೀರಿಕೊಂಡದ್ದು. ಎರಡು ವರ್ಷದ ಹಿಂದೆ ಕೇಳಿದ್ದರೆ ಎಳ್ಳಮಾಸಿ ಗಟ್ಟಿಯಾಗಿ ಹೇಳುತ್ತಿದ್ದಳು. ಈಗ ನಾನು ಲೆಕ್ಕ ಸರಿಯಾಯಿತೆಂದು ಅವಳಿಗೇ ಹೇಳಲು ಬಂದಿದ್ದೆ.

ಮಧ್ಯಾಹ್ನ ಫರಸಿಯ ಮೇಲೆ ಕಾಲು ಚಾಚಿ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ಕೂತು, "ಅವ್ವಾ, ನಾ ಹುಟ್ಟಿದ್ದು ಜನವರಿ ಹನ್ನೆರಡಕ್ಕ. ನೀ ಹೇಳಿದ್ದೇ ಖರೆ" ಎಂದೆ. ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, ಸಣ್ಣ ಹುಡುಗಿಯ ದನಿಯಲ್ಲಿ, "ಅಣ್ಣಾ, ಇನ್ನ ಎಷ್ಟ ದೂರ ಅದ?" ಎಂದು ಕೇಳಿದಳು.

"ಬಂತವ್ವಾ, ಇನ್ನ ಸ್ವಲ್ಪೇ ಅದ" ಎಂದೆ.